ಪ್ರತುನಾಮ್‌ನಲ್ಲಿ ಕಾದು ನಿಂತ ಬಸ್ಸು

ಮಂಡಲೆ
ಮಾರ್ಚ್ 2, 2024

ಯಮಿನ್,

ನೀನು ಹೋದ ಮೇಲೆ ನಾನಾಗಿ ಬರೆಯುತ್ತಿರುವ ಮೊದಲ ಕಾಗದ ಇದು. ಫೋನಿನಲ್ಲಿ ನೀನು ಊಟವಾಯಿತೇ ಎನ್ನುತ್ತೀಯ, ನಾನು ಆಯಿತು ಎನ್ನುತ್ತೇನೆ, ಆಮೇಲೆ ಇಬ್ಬರೂ ಸುಮ್ಮನಾಗುತ್ತೇವೆ. ಅಂಗಡಿಗೆ ಹೊರಡುವ ಮುಂಚೆ ಆ ಕರೆಯ ಗುರುತನ್ನೂ ಫೋನಿನಿಂದ ಅಳಿಸಿಬಿಡುತ್ತೇನೆ. ದಾರಿಯಲ್ಲಿ ನಿಲ್ಲಿಸಿ ಫೋನು ಕಿತ್ತುಕೊಂಡು ನೋಡುವವರು ಈಗ ನಮ್ಮ ಬೀದಿಯ ತುದಿಗೂ ಬಂದಿದ್ದಾರೆ.

ಇದನ್ನು ತರುವವಳು ಎದುರುಮನೆಯ ಚೋ ಮಾ. ಪ್ರವಾಸದ ಕಂಪನಿಯ ಪರವಾಗಿ ಜನರನ್ನು ಬ್ಯಾಂಕಾಕಿಗೆ ಕರೆದೊಯ್ದು, ಊರು ತೋರಿಸಿ, ವಾಪಸು ಕರೆತರುವುದು ಅವಳ ಕೆಲಸ. ಹೋದಾಗಲೆಲ್ಲ ಬೀದಿಯವರ ಒಣಮೀನು, ಹುಳಿ ಬರಿಸಿದ ಚಹಾದೆಲೆ, ಕಾಗದ ಎಲ್ಲವನ್ನೂ ಹೊತ್ತುಕೊಂಡು ಹೋಗಿ ಅಲ್ಲಿರುವ ನಮ್ಮವರಿಗೆ ಮುಟ್ಟಿಸುತ್ತಾಳೆ.

ಸುದ್ದಿ ನಿನಗೂ ಬಂದಿರಬೇಕು. ಹದಿನೆಂಟು ದಾಟಿದ ಗಂಡುಮಕ್ಕಳನ್ನು ಸೈನ್ಯಕ್ಕೆ ಕರೆಯುತ್ತಾರೆ. ಹೆಸರು ಬರೆದ ಚೀಟಿಗಳನ್ನು ಡಬ್ಬಿಗೆ ಹಾಕಿ ಎತ್ತುತ್ತಾರಂತೆ. ನಿನ್ನ ತಮ್ಮ ಥುರಾನಿಗೆ ಹತ್ತೊಂಬತ್ತು. ಮೊನ್ನೆ ವಾರ್ಡಿನವರು ಬಂದು ಮನೆಯಲ್ಲಿ ಯಾರು ಯಾರಿದ್ದೀರಿ ಎಂದು ಕೇಳಿದರು. ನಿನ್ನ ಹೆಸರು ಬಂದಾಗ ನಿಮ್ಮಪ್ಪ, ಮದುವೆಯಾಗಿ ಹೋಗಿದ್ದಾಳೆ ಎಂದರು. ಥುರಾನ ಹೆಸರು ಬಂದಾಗ ಅವರಿಗೆ ಕೆಮ್ಮು ಹತ್ತಿಕೊಂಡಿತು. ಉತ್ತರ ನಾನೇ ಹೇಳಬೇಕಾಯಿತು.

ಆಮೇಲೆ ಚೋ ಮಾ ನಮ್ಮ ಲುಂಗಿ ಅಂಗಡಿಗೆ ಬಂದಾಗ, ನನಗೂ ಒಂದು ಸಲ ಬ್ಯಾಂಕಾಕ್ ನೋಡಬೇಕು, ಥುರಾನನ್ನೂ ಕರೆತರುತ್ತೇನೆ ಎಂದೆ. ಅವಳು ನೋಡುತ್ತಿದ್ದ ಬಟ್ಟೆಯನ್ನು ಮಡಿಸಿಟ್ಟಳು.

"ಅಕ್ಕಾ, ಕರ್ಕೊಂಡು ಹೋಗ್ತೀನಿ. ಆದ್ರೆ ಒಂದು ಮಾತು. ಎಷ್ಟು ಜನ ಹೋಗ್ತಾರೋ ಅಷ್ಟೂ ಜನ ವಾಪಸ್ ಬರ್ತಾರೆ ಅಂತ ನಾನು ಸಹಿ ಹಾಕಿರ್ತೀನಿ. ಈಗಂತೂ ಪ್ರತಿ ಸಲ ನನ್ನ ಕೂರಿಸ್ಕೊಂಡು ಕೇಳ್ತಾರೆ."

"ನಂಗೆ ಗೊತ್ತಿಲ್ವೇನೇ" ಎಂದೆ.

ತಿಂಗಳ ಕೊನೆಗೆ ಹೊರಡುತ್ತೇವೆ. ಅರಮನೆ, ನದಿ, ಸಂತೆ ಎಲ್ಲ ನೋಡಬೇಕೆಂದಿದೆ. ಇಷ್ಟನ್ನೇ ಬರೆಯುತ್ತೇನೆ. ಪಾಠ ಹೇಳಿದವಳು ನೀನು, ಉಳಿದದ್ದನ್ನು ಓದಿಕೊಳ್ಳುತ್ತೀಯ.

ನಿನ್ನ ಅಮ್ಮ,
ಮ್ಯ ಸೇನ್


ಬ್ಯಾಂಕಾಕ್
ಮಾರ್ಚ್ 11

ಅಮ್ಮಾ,

ಚೋ ಮಾ ಚಿಕ್ಕಮ್ಮ ಕಾಗದ ಕೊಟ್ಟು, ನಾನು ಓದಿ ಮುಗಿಸುವವರೆಗೂ ಅಲ್ಲೇ ನಿಂತಿದ್ದರು. ಅಮ್ಮ ಬರೆದದ್ದೆಲ್ಲ ಒಳ್ಳೆಯ ಸುದ್ದಿಯೇ ತಾನೇ ಎಂದು ಕೇಳಿದರು. ಹೂಂ ಎಂದೆ. ಅವರ ಮುಖ ನೋಡಲಾಗಲಿಲ್ಲ. ಅವರಿಗೆ ನೂಡಲ್ಸ್ ಕೊಟ್ಟು ಒಳಗೆ ಹೋಗಿಬಿಟ್ಟೆ.

ಕೊನೆಯ ದಿನ ನಿಮ್ಮ ಗುಂಪನ್ನು ಪ್ರತುನಾಮ್ ಸಂತೆಯಲ್ಲಿ ಬಟ್ಟೆ ಕೊಳ್ಳಲು ಬಿಡುತ್ತಾರೆ. ನಾನು ಕೆಲಸ ಮಾಡುವ ನೂಡಲ್ಸ್ ಅಂಗಡಿ ಸಂತೆಯ ಹಿಂಬದಿ, ಕಾಲುವೆಯ ದೋಣಿಕಟ್ಟೆಯ ಪಕ್ಕ. ಹೊರಗೆ ಕೆಂಪು ಸ್ಟೂಲುಗಳಿವೆ. ಪ್ರವಾಸಿಗಳ ಹಾಗೆ ಊಟಕ್ಕೆ ಬಂದು ಕೂರಿ. ಆಮೇಲಿನದು ನನಗಿರಲಿ. ದೋಣಿ ಹತ್ತಿದರೆ ಆ ಗುಂಪಿನಲ್ಲಿ ಯಾರೂ ಯಾರನ್ನೂ ಕಂಡುಹಿಡಿಯಲಾರರು.

ಥುರಾನಿಗೆ ಮೊದಲೇ ಹೇಳಬೇಡ. ವಿಮಾನ ನಿಲ್ದಾಣದಲ್ಲಿ ಯಾರಾದರೂ ಎರಡು ಮಾತು ಕೇಳಿದರೆ ಅವನ ಮುಖವೇ ಎಲ್ಲ ಹೇಳಿಬಿಡುತ್ತದೆ.

ಇನ್ನೊಂದು ವಿಷಯ ಬರೆಯಬಾರದು ಎಂದುಕೊಂಡಿದ್ದೆ. ಮೂರು ವರ್ಷದ ಹಿಂದೆ ಸೈನ್ಯ ಅಧಿಕಾರ ಹಿಡಿದ ಮೇಲೆ ಶಾಲೆಯಲ್ಲಿ ಪಾಠ ಹೇಳುವುದನ್ನು ಬಿಟ್ಟು ಮುಷ್ಕರಕ್ಕೆ ಸೇರಿದಾಗ, ಹುಡುಕಿಕೊಂಡು ಬರುತ್ತಾರೆ ಎಂದು ಗೊತ್ತಾಗಿ ನಾನು ಹೊರಟೆ. ನೀನು ಬಾಗಿಲಿಗೂ ಬರಲಿಲ್ಲ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಆ ಸದ್ದು ಬೀದಿಯ ತನಕ ಕೇಳಿಸುತ್ತಿತ್ತು. ಈಗ ಅವನಿಗಾಗಿ ದೇಶ ದಾಟಿ ಬರುತ್ತಿದ್ದೀಯ. ಸಂತೋಷವೇ ಅಮ್ಮಾ. ನಿಜವಾಗಿಯೂ ಸಂತೋಷವೇ.

ಚೋ ಮಾ ಚಿಕ್ಕಮ್ಮನ ಗತಿ ಏನು ಎಂದು ನೀನು ಬರೆದಿಲ್ಲ. ನಾನೂ ಕೇಳುತ್ತಿಲ್ಲ.

ಯಮಿನ್


ಮಂಡಲೆ
ಮಾರ್ಚ್ 19

ಅಕ್ಕಾ,

ಅಮ್ಮ ನನ್ನನ್ನು ದಡ್ಡ ಎಂದುಕೊಂಡಿದ್ದಾಳೆ. ನಾಲ್ಕು ದಿನದ ಪ್ರವಾಸಕ್ಕೆ ನನ್ನ ಚೀಲದಲ್ಲಿ ಉಣ್ಣೆಯ ಕೋಟು ಇಟ್ಟಿದ್ದಾಳೆ. ಹತ್ತನೇ ತರಗತಿಯ ಅಂಕಪಟ್ಟಿ ಇಟ್ಟಿದ್ದಾಳೆ. ಅರಮನೆ ನೋಡಲು ಅಂಕಪಟ್ಟಿ ಕೇಳುತ್ತಾರಾ? ಕೋಟನ್ನು ತೆಗೆದಿಟ್ಟೆ. ಬೆಳಿಗ್ಗೆ ನೋಡಿದರೆ ಮತ್ತೆ ಚೀಲದೊಳಗಿದೆ.

ಅಪ್ಪ ನಿನ್ನೆ ನನ್ನನ್ನು ಟೀ ಅಂಗಡಿಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ನಿಂತು ನಿಂತು ಉಸಿರು ತೆಗೆದುಕೊಂಡ. ಟೀ ಕುಡಿದು, ಬ್ಯಾಂಕಾಕಿನಲ್ಲಿ ಬಿಸಿಲು ಜಾಸ್ತಿ, ಟೋಪಿ ಹಾಕಿಕೋ ಎಂದ. ಅಷ್ಟು ಹೇಳುವುದಕ್ಕೆ ಅಷ್ಟು ದೂರ ನಡೆದಿದ್ದ.

ಟೋಪಿಯನ್ನು ಚೋ ಮಾ ಚಿಕ್ಕಮ್ಮನೇ ಕೊಟ್ಟಿದ್ದಾರೆ. ಗುಂಪಿನವರಿಗೆಲ್ಲ ಒಂದೇ ಥರದ ಹಳದಿ ಟೋಪಿ. "ಸಂತೇಲಿ ಕಳೆದುಹೋದ್ರೆ ಇದನ್ನ ನೋಡಿ ಹುಡುಕ್ತೀನಿ ಕಣೋ" ಎಂದರು. ನಾನು ನಕ್ಕೆ. ಆಮೇಲೆ ಆ ದಿನ ಊಟ ಸೇರಲಿಲ್ಲ.

ಬರುತ್ತೇನೆ ಅಕ್ಕಾ, ಉಳಿಯುತ್ತೇನೋ ಇಲ್ಲವೋ ಗೊತ್ತಿಲ್ಲ. ಫೋನ್ ರಿಪೇರಿ ಅಂಗಡಿಯಲ್ಲಿ ನನ್ನ ಜೊತೆ ಇನ್ನೂ ಮೂವರು ಕೂರುತ್ತಾರೆ. ನಾನು ಹೋದರೆ ಡಬ್ಬಿಯಲ್ಲಿ ಉಳಿಯುವುದು ಅವರ ಚೀಟಿ. ಇದನ್ನು ಅಮ್ಮನ ಹತ್ತಿರ ಹೇಳಲಾಗುವುದಿಲ್ಲ.

ನಿನ್ನ ನೂಡಲ್ಸ್ ಚೆನ್ನಾಗಿಲ್ಲದಿದ್ದರೆ ಅದೇ ಬಸ್ಸಿನಲ್ಲಿ ವಾಪಸು. ಈಗಲೇ ಹೇಳಿದ್ದೇನೆ.

ಥುರಾ


ಮಂಡಲೆ
ಏಪ್ರಿಲ್ 25

ಯಮಿನ್,

ಹೊಸ ವರ್ಷದ ನೀರಾಟ ಮುಗಿಯಿತು. ಈ ಸಲ ನಮ್ಮ ಬೀದಿಯಲ್ಲಿ ಯಾರೂ ಯಾರ ಮೇಲೂ ನೀರು ಎರಚಲಿಲ್ಲ. ಈ ಕಾಗದ ಅಂಗಡಿಗೆ ಬಟ್ಟೆ ಹಾಕುವ ವ್ಯಾಪಾರಿಯ ಕೈಯಲ್ಲಿ ಬರುತ್ತದೆ. ಚೋ ಮಾ ಇನ್ನು ಬ್ಯಾಂಕಾಕಿಗೆ ಬರುವುದಿಲ್ಲ.

ನೀನು ನೋಡದ್ದನ್ನು ಹೇಳುತ್ತೇನೆ.

ಹೊರಡುವ ದಿನ ಇಲ್ಲಿಯ ವಿಮಾನ ನಿಲ್ದಾಣದಲ್ಲಿ ಥುರಾನನ್ನು ಸಾಲಿನಿಂದ ಪಕ್ಕಕ್ಕೆ ನಿಲ್ಲಿಸಿದರು. ಏನು ಓದುತ್ತಿದ್ದೀಯ, ಯಾಕೆ ಹೋಗುತ್ತಿದ್ದೀಯ ಎಂದು ಕೇಳಿದರು. ಅವನ ಕಿವಿ ಕೆಂಪಾಯಿತು. ಆಗ ಚೋ ಮಾ ಮುಂದೆ ಬಂದು, "ನಮ್ಮ ಎದುರುಮನೆ ಹುಡುಗ ಸಾರ್. ಇವನಮ್ಮ ಒಬ್ಳೇ ವಿಮಾನದ ಏಣಿ ಹತ್ತಲ್ಲ, ಕೈ ಹಿಡ್ಕೊಳ್ಳೋಕೆ ಬಂದಿದಾನೆ. ನಾನೇ ಕರ್ಕೊಂಡು ಹೋಗಿ ನಾನೇ ಕರ್ಕೊಂಡು ಬರ್ತೀನಿ" ಎಂದಳು. ಅವರು ಅವಳ ಮುಖ ನೋಡಿ ಅವನನ್ನು ಬಿಟ್ಟರು. ಅವಳು ನನ್ನ ಕಡೆ ತಿರುಗಿ ಕಣ್ಣು ಮಿಟುಕಿಸಿದಳು. ನಾನೂ ನಕ್ಕೆ ಮಗಳೇ. ನಗಬೇಕಾಯಿತು.

ಆಮೇಲೆ ಎಲ್ಲ ಪ್ರವಾಸಿಗಳ ಹಾಗೆ ನಾವೂ ಊರು ನೋಡಿದೆವು. ಅರಮನೆಯಲ್ಲಿ ಹಸಿರು ಬುದ್ಧನಿಗೆ ಕೈ ಮುಗಿಯುವಾಗ ಏನು ಬೇಡಿಕೊಳ್ಳಬೇಕೆಂದು ಗೊತ್ತಾಗದೆ ಸುಮ್ಮನೆ ಕೂತಿದ್ದೆ. ಅಲ್ಲಿಯ ಊರು ತೋರಿಸುವವನು, ಹಿಂದಿನ ಕಾಲದಲ್ಲಿ ಬರ್ಮಾದ ಸೈನ್ಯ ಬಂದು ತಮ್ಮ ಹಳೆಯ ರಾಜಧಾನಿಯನ್ನು ಸುಟ್ಟುಹಾಕಿತು ಎಂದ. ನಮ್ಮವರೆಲ್ಲ ಕಾಲು ನೋಡಿಕೊಂಡರು. ಗುಂಪಿನಲ್ಲಿದ್ದ ಅಕ್ಕಿ ವ್ಯಾಪಾರಿ ಮುದುಕ ಮಾತ್ರ, "ನಮ್ಮ ತಾತ ಅವತ್ತು ರಜೆ ಹಾಕಿದ್ದ, ಅವನಿಗೆ ಹೇಳಿ" ಎಂದ. ಚೋ ಮಾ ಅದನ್ನು ಥಾಯ್ ಭಾಷೆಯಲ್ಲಿ ಹೇಳಿದಳು. ಅವನೂ ನಕ್ಕ, ಎಲ್ಲರೂ ನಕ್ಕೆವು. ನಕ್ಕ ಮೇಲೆ, ಸೈನ್ಯ ಎಂಬ ಮಾತು ನನ್ನೊಳಗೆ ಹಾಗೇ ಉಳಿಯಿತು.

ನದಿಯ ಮೇಲೆ ದೋಣಿಯಲ್ಲಿ ಹೋದೆವು. ಮಾವಿನಹಣ್ಣು ಹಾಕಿದ ಅಂಟನ್ನ ತಿಂದೆವು. ಎತ್ತರದ ಹಳಿಯ ಮೇಲೆ ಓಡುವ ರೈಲಿನಲ್ಲಿ ಥುರಾ ಗಾಜಿಗೆ ಹಣೆ ಒತ್ತಿ ನಿಂತಿದ್ದ, ಚಿಕ್ಕವನಿದ್ದಾಗ ನಿಲ್ಲುತ್ತಿದ್ದ ಹಾಗೆ. ಆ ಊರು ಎಷ್ಟು ಚೆಂದವೋ ಯಾರಾದರೂ ಕೇಳಿದರೆ ಹೇಳಲಾರೆ. ತೆಗೆಸಿಕೊಂಡ ಫೋಟೊಗಳಲ್ಲೆಲ್ಲ ಹಿಂದೆ ಏನಿದೆ ಎಂದು ಈಗ ನೋಡುತ್ತಿದ್ದೇನೆ. ಅಲ್ಲಿದ್ದಾಗ ಅವನ ತೋಳು ಹಿಡಿದುಕೊಂಡಿದ್ದು ಬಿಟ್ಟರೆ ಬೇರೇನೂ ತಿಳಿಯಲಿಲ್ಲ.

ಕೊನೆಯ ದಿನ ನಿನ್ನ ಕೆಂಪು ಸ್ಟೂಲಿನ ಮೇಲೆ ಕೂತಾಗ ನೀನು ಬಂದು ಏನು ಬೇಕೆಂದು ಥಾಯ್‌ನಲ್ಲಿ ಕೇಳಿದೆ. ಮಾಲೀಕಳು ನೋಡುತ್ತಿದ್ದಳಲ್ಲ. ನಿನ್ನ ಬೆರಳ ತುದಿಗಳು ನೀರಿನಲ್ಲಿ ನೆಂದು ಒಡೆದಿದ್ದವು. ಬಾಗಿಲಿನ ವಿಷಯ ಬರೆದಿದ್ದೆ ನೀನು. ಅವತ್ತು ಬಾಗಿಲಿಗೆ ಬಂದಿದ್ದರೆ ನಾನು ನಿನ್ನನ್ನು ಹೋಗಲು ಬಿಡುತ್ತಿರಲಿಲ್ಲ. ಅದಕ್ಕೇ ಬರಲಿಲ್ಲ. ಇದನ್ನು ನಿನಗೆ ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಸಾರು ತುಂಬ ಬಿಸಿಯಾಗಿದೆ ಎಂದಷ್ಟೇ ಹೇಳಿದೆ.

ಥುರಾ ಟೋಪಿ ತೆಗೆದು ನನ್ನ ಮಡಿಲಲ್ಲಿಟ್ಟ. ಬರುತ್ತೇನಮ್ಮ ಎನ್ನಲಿಲ್ಲ. ನೀವಿಬ್ಬರೂ ದೋಣಿಗೆ ಇಳಿದದ್ದನ್ನು ನೋಡಿದೆ. ದೋಣಿ ತಿರುಗಿದ ಮೇಲೆ ನೀರು ಮಾತ್ರ ಕಾಣುತ್ತಿತ್ತು.

ಬಸ್ಸಿಗೆ ಬಂದು, ಅಂಗಿ ನೋಡುತ್ತಿದ್ದಾಗ ಪಕ್ಕದಲ್ಲೇ ಇದ್ದ, ಜನರಲ್ಲಿ ಎಲ್ಲೋ ತಪ್ಪಿಹೋದ ಎಂದು ಚೋ ಮಾಗೆ ಹೇಳಿದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಡ್ರೈವರಿಗೆ ಬಸ್ಸು ಅಲ್ಲೇ ನಿಲ್ಲಿಸಲು ಹೇಳಿ, ತಾನೇ ಸಂತೆಯೊಳಗೆ ಹೋದಳು. ವಿಮಾನಕ್ಕೆ ಹೊತ್ತಾಗುತ್ತದೆ ಎಂದು ಎಲ್ಲರೂ ಗೊಣಗತೊಡಗಿದರು. ಪೊಲೀಸರಿಗೆ ಹೇಳಿ ಎಂದು ಯಾರೋ ಅಂದರು. ಹೊರಡುವ ಹೊತ್ತು ಮೀರಿದ ಎಷ್ಟೋ ಹೊತ್ತಿನ ಮೇಲೆ ಅವಳು ಬಂದಳು. ಮೈಯೆಲ್ಲ ಬೆವರು. ನನ್ನ ಪಕ್ಕ ಕೂತಳು. ಬೈಯಲಿಲ್ಲ, ಏನೂ ಕೇಳಲಿಲ್ಲ. ತನ್ನ ನೀರಿನ ಬಾಟಲಿಯನ್ನು ನನ್ನ ಕೈಗೆ ಕೊಟ್ಟಳು. ವಿಮಾನದಲ್ಲೂ ಅವಳು ಒಂದು ಮಾತೂ ಆಡಲಿಲ್ಲ.

ಮಂಡಲೆಯಲ್ಲಿ ಇಳಿದಾಗ ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡರು. ನಾನು ಅದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಾ ಅತ್ತೆ. ಅಳು ಸುಳ್ಳಿರಲಿಲ್ಲ. ನನ್ನನ್ನು ಸಂಜೆಯ ಹೊತ್ತಿಗೆ ಮನೆಗೆ ಕಳಿಸಿದರು. ಅವಳನ್ನು ಅಲ್ಲೇ ಉಳಿಸಿಕೊಂಡರು.

ಥುರಾ ಸರಿಯಾಗಿ ಉಣ್ಣುತ್ತಾನೆಯೇ? ಯಾರ ಚೀಟಿ ಬಂತು ಎಂದು ಕೇಳಬೇಡ ಎಂದು ಅವನಿಗೆ ಹೇಳು.

ಅಮ್ಮ


ಬ್ಯಾಂಕಾಕ್
ಜೂನ್ 16

ಅಮ್ಮಾ,

ನಿನ್ನ ಕಾಗದವನ್ನು ತುಂಬ ದಿನ ಇಟ್ಟುಕೊಂಡು ಓದಿದೆ. ಬಾಗಿಲಿನ ಬಗ್ಗೆ ಇನ್ನು ಬರೆಯುವುದಿಲ್ಲ. ಬರೆಯಬೇಕಾಗಿಲ್ಲ.

ಥುರಾ ಉಣ್ಣುತ್ತಾನೆ. ನಮ್ಮ ಅಂಗಡಿಯಲ್ಲೇ ತಟ್ಟೆ ತೊಳೆಯುವ ಕೆಲಸ. ಮೊದಲ ತಿಂಗಳು ನಗುತ್ತಿದ್ದ, ಮಾಲೀಕಳ ನಡಿಗೆಯನ್ನು ಅಣಕಿಸಿ ತೋರಿಸುತ್ತಿದ್ದ. ಈಗ ಬಾಯಿ ಬಿಡುವುದಿಲ್ಲ. ಪೊಲೀಸರು ಕೆಲಸದ ಪರವಾನಗಿ ಕಾರ್ಡು ಕೇಳಲು ಬಂದಾಗ ಹಿಂದಿನ ಅಂಗಡಿಯ ಬಟ್ಟೆ ಗಂಟುಗಳ ನಡುವೆ ಕೂರುತ್ತಾನೆ. ಕಳೆದ ವಾರ ಹಾಗೆ ಕೂತವನು ಅವರು ಹೋದ ಮೇಲೂ ಎದ್ದು ಬರಲಿಲ್ಲ. ನಾನೇ ಹೋಗಿ ಕರೆದೆ.

"ಅಲ್ಲೂ ಅಡಗ್ಬೇಕು, ಇಲ್ಲೂ ಅಡಗ್ಬೇಕು. ಮತ್ತೆ ಯಾಕೆ ಬಂದೆ ನಾನು?" ಎಂದ.

"ಬದುಕಿರೋಕೆ" ಎಂದೆ.

"ಚಿಕ್ಕಮ್ಮ ಏನಾದ್ರು?"

ಅವರ ವಿಷಯ ನೀನು ಬರೆದೇ ಇಲ್ಲ. ಅಲ್ಲೇ ಉಳಿಸಿಕೊಂಡರು ಎಂದು ಬರೆದು, ಮುಂದಿನ ಸಾಲಿನಲ್ಲಿ ಇವನ ಊಟದ ವಿಷಯ ಕೇಳಿದ್ದೀಯ. ಅವನು ಆ ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ. ಅಮ್ಮಾ, ಏನೇ ಆಗಿರಲಿ ಬರೆ. ಗೊತ್ತಿಲ್ಲದೆ ಇರುವುದು ಅವನನ್ನು ತಿನ್ನುತ್ತಿದೆ. ಊರಿಗೆ ಹೋಗಿ ಅವರ ಮುಂದೆ ನಿಲ್ಲುತ್ತೇನೆ ಎಂದು ಎರಡು ಸಲ ಚೀಲ ಕಟ್ಟಿದ್ದಾನೆ.

ಯಮಿನ್


ಮಂಡಲೆ
ಆಗಸ್ಟ್ 4

ಯಮಿನ್,

ಬರೆಯುತ್ತೇನೆ.

ಚೋ ಮಾಳನ್ನು ಕೆಲವು ದಿನ ಇಟ್ಟುಕೊಂಡು ಬಿಟ್ಟರು. ಹೊಡೆದರೋ ಇಲ್ಲವೋ ಗೊತ್ತಿಲ್ಲ. ಅವಳು ಹೇಳಿಲ್ಲ, ನಾನು ಕೇಳಿಲ್ಲ. ಕಂಪನಿಯವರು ಕೆಲಸದಿಂದ ತೆಗೆದರು. ಈಗ ಬೀದಿಯ ತುದಿಯಲ್ಲಿ ಬೆಳಿಗ್ಗೆ ಮೀನುಸಾರಿನ ಶಾವಿಗೆ ಮಾರುತ್ತಾಳೆ. ನಾನು ಅಂಗಡಿಗೆ ಹಿಂದಿನ ಓಣಿಯಿಂದ ಹೋಗಿಬರುತ್ತಿದ್ದೆ. ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ರಸ್ತೆ, ಅಷ್ಟೇ. ಅದನ್ನು ದಾಟಲು ನನ್ನಿಂದಾಗಲಿಲ್ಲ. ನಿಮ್ಮಪ್ಪ ಮಾತ್ರ ದಿನವೂ ಹೋಗಿ ಅವಳ ಹತ್ತಿರ ಶಾವಿಗೆ ತಿಂದು ಬರುತ್ತಾರೆ. ಏನು ಮಾತಾಡಿದಿರಿ ಎಂದರೆ, ಉಪ್ಪು ಸರಿಯಿತ್ತು ಎನ್ನುತ್ತಾರೆ.

ಮೊನ್ನೆ ಮಧ್ಯಾಹ್ನ ಮಳೆಯಲ್ಲಿ ಅವಳೇ ಬಂದಳು. ಕೊಡೆ ಮಡಿಸಿ ಬಾಗಿಲಲ್ಲಿ ನಿಂತಳು. ನಾನು ಚಾಪೆ ಹಾಸಿದೆ. ಬೈಯಲಿ ಎಂದು ಕಾದೆ.

"ಅಕ್ಕಾ, ನನ್ನ ಮಗನಿಗೆ ಹದಿನೆಂಟಾಯ್ತು" ಎಂದಳು.

ಜೇಯಾ ನಿನಗೆ ನೆನಪಿದ್ದಾನೆಯೇ? ನೀನು ಹೋದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಈಗ ವಿಮಾನದಲ್ಲಿ ಹುಡುಗರನ್ನು ಬಿಡುವುದಿಲ್ಲ. ಬಸ್ಸಿನಲ್ಲಿ ಗಡಿಯ ಕಡೆಗೆ ಹೋಗಿ, ಅಲ್ಲಿಂದ ದಾಟಿಸುವವರ ಕೈಗೆ ಒಪ್ಪಿಸಬೇಕು. ದಾರಿಯುದ್ದಕ್ಕೂ ತಪಾಸಣೆ. ಒಬ್ಬನೇ ಹೋಗುವ ಹುಡುಗನನ್ನು ಇಳಿಸಿಕೊಳ್ಳುತ್ತಾರೆ. ತಾಯಿ ಜೊತೆಗಿದ್ದರೆ ಕೆಲವೊಮ್ಮೆ ಬಿಡುತ್ತಾರಂತೆ.

"ನನ್ನ ಹೆಸರು ಈಗ ಎಲ್ಲರ ಹತ್ರಾನೂ ಇದೆ. ನಾನು ಜೊತೆಗಿದ್ರೆ ಅವನನ್ನೇ ಹಿಡಿತಾರೆ. ನೀವು ಅವನ ತಾಯಿ ಅಂತ ಹೇಳ್ಕೊಂಡು ಹೋಗಿ ಬನ್ನಿ."

ಆಗಲಿ ಎಂದೆ. ಯೋಚಿಸಿ ಹೇಳಲಿಲ್ಲ. ಒಳಗಿನಿಂದ ನಿಮ್ಮಪ್ಪನ ಕೆಮ್ಮು ಕೇಳಿಸಿತು. ಆದರೆ ಬೇಡ ಎಂದು ಅವರೂ ಹೇಳಲಿಲ್ಲ.

ಅವಳು ಪ್ರತುನಾಮ್ ವಿಷಯ ಎತ್ತಲೇ ಇಲ್ಲ ಯಮಿನ್. ಒಂದು ಚುಚ್ಚುಮಾತೂ ಇಲ್ಲ. ಆಗ ನನಗೆ ಅರ್ಥವಾಯಿತು. ಅವಳಿಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೇ ಬಸ್ಸನ್ನು ಅಷ್ಟು ಹೊತ್ತು ನಿಲ್ಲಿಸಿದಳು, ನೀವು ದೂರ ಹೋಗಲಿ ಎಂದು. ಗೊತ್ತಿದ್ದೇ ಬಾಯಿ ಮುಚ್ಚಿಕೊಂಡು ನನ್ನ ಪಕ್ಕ ಕೂತಳು. ಥುರಾನಿಗೆ ಇದನ್ನು ಹೇಳು. ಇದು ತಿಳಿದ ಮೇಲೆ ನನಗೆ ನಿದ್ದೆ ಬರುತ್ತಿದೆ.

ನಿಮ್ಮದು ಒಂದೇ ಕೋಣೆ ಎಂದು ಗೊತ್ತು. ಅವನಿಗೆ ಜಾಗ ಇದೆಯೇ, ಬೇಗ ಬರೆ.

ಅಮ್ಮ


ಬ್ಯಾಂಕಾಕ್
ಆಗಸ್ಟ್ 20

ಅಮ್ಮಾ,

ಅಕ್ಕ ಬರೆಯುತ್ತೇನೆಂದು ಕೂತು ಎರಡು ಹಾಳೆ ಹರಿದು ಹಾಕಿದಳು. ನಿನಗೇನಾದರೂ ಆದರೆ ಎಂದು ಅವಳ ಭಯ. ನನಗೂ ಭಯವೇ. ಆದರೂ ಕಳಿಸು. ಇಬ್ಬರು ಮಲಗುವಲ್ಲಿ ಮೂವರು ಮಲಗಬಹುದು. ನಾನು ಚೀಲ ಕಟ್ಟುವುದನ್ನು ಬಿಟ್ಟಿದ್ದೇನೆ. ಅವನು ಬಂದಾಗ ಅವನಿಗೆ ದಾರಿ ಹೇಳುವವರು ಬೇಕಲ್ಲ.

ಥುರಾ


ಮಂಡಲೆ
ಅಕ್ಟೋಬರ್ 19

ಯಮಿನ್ ಮಗಳೇ,

ಇಷ್ಟು ವರ್ಷ ಬೇರೆಯವರ ಕಾಗದ ತಂದುಕೊಟ್ಟವಳು ನಾನು. ಈಗ ನಾನೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ನಿಮ್ಮಮ್ಮ ಮನೆಯಲ್ಲಿದ್ದಾರೆ. ಜ್ವರ ಇಳಿದಿದೆ, ಕಾಲಿನ ಬಾವು ಇನ್ನೂ ಇದೆ. ನಿನ್ನೆ ಎದ್ದು ಕೂತು ಗಂಜಿ ಕುಡಿದರು. ಜೇಯಾ ನಿಮ್ಮ ಹತ್ತಿರ ತಲುಪಿದ ಸುದ್ದಿ ವ್ಯಾಪಾರಿ ತಂದ. ಕೇಳಿ ಅವರೂ ನಾನೂ ಅತ್ತೆವು.

ಹೋಗುವಾಗ ಏನಾಯಿತೆಂದು ಜೇಯಾ ಹೇಳಿರಬಹುದು. ಹೇಳದಿದ್ದರೆ ನಾನು ಹೇಳುತ್ತೇನೆ, ಅವನಿಗೆ ನಾಚಿಕೆಯಾಗುತ್ತದೆ. ತಪಾಸಣೆಯ ಸೈನಿಕ, ಇವರು ನಿನ್ನ ತಾಯಿಯೇನೋ ಎಂದು ಕೇಳಿದಾಗ ಇವನು ಕಲ್ಲಿನ ಹಾಗೆ ಕೂತುಬಿಟ್ಟನಂತೆ. ನಿಮ್ಮಮ್ಮ ಅವನ ಕೆನ್ನೆಗೆ ಫಟ್ಟನೆ ಬಾರಿಸಿ, "ಕೇಳಿದ್ದಕ್ಕೆ ಬಾಯಿ ಬಿಡೋಕೆ ಏನು ರೋಗ ನಿಂಗೆ? ಮನೇಲೂ ಹೀಗೇ ಸಾರ್, ಸಾಕಾಗಿದೆ ನಂಗೆ" ಎಂದರಂತೆ. ಆ ಸೈನಿಕ ನಕ್ಕು ಮುಂದಿನ ಸೀಟಿಗೆ ಹೋದನಂತೆ.

ವಾಪಸು ಬರುವಾಗ ಅದೇ ಜಾಗದಲ್ಲಿ ಅದೇ ಸೈನಿಕ ಗುರುತು ಹಿಡಿದ. ಮಗ ಎಲ್ಲಿ ಎಂದ. ಬಸ್ಸಿನಿಂದ ಇಳಿಸಿಕೊಂಡರು. ಒಂದು ವಾರ ಇಟ್ಟುಕೊಂಡಿದ್ದರು. ಅಲ್ಲಿ ಏನೇನಾಯಿತು ಎಂದು ಅವರು ಹೇಳಿಲ್ಲ, ನಾನು ಕೇಳಿಲ್ಲ. ಅಂಥ ಕೋಣೆ ಹೇಗಿರುತ್ತದೆ ಎಂದು ನನಗೆ ಗೊತ್ತು. ಬಿಟ್ಟ ಮೇಲೆ ಅರ್ಧ ದಾರಿ ನಡೆದು, ಅರ್ಧ ದಾರಿ ಲಾರಿಯಲ್ಲಿ ಬಂದಿದ್ದಾರೆ. ನಾನೂ ನಿಮ್ಮಪ್ಪನೂ ಸರದಿಯ ಮೇಲೆ ನೋಡಿಕೊಳ್ಳುತ್ತಿದ್ದೇವೆ. ನಿಮ್ಮಪ್ಪನಿಗೆ ಅನ್ನ ಮಾಡಲು ಬರುವುದಿಲ್ಲ, ಆದರೆ ಬರುತ್ತದೆ ಎಂದುಕೊಂಡಿದ್ದಾರೆ.

ಇನ್ನೊಂದು ವಿಷಯವಿದೆ. ಅದಕ್ಕೇ ಈ ಕಾಗದ.

ಜ್ವರ ಏರಿದ್ದಾಗ ನಿಮ್ಮಮ್ಮ ನನ್ನ ಕೈ ಹಿಡಿದುಕೊಂಡರು. "ಅವತ್ತು ನಿಂಗೆ ಗೊತ್ತಿತ್ತು, ಗೊತ್ತಿದ್ದೇ ಬಸ್ ನಿಲ್ಲಿಸ್ದೆ, ಅಲ್ವಾ ಚೋ ಮಾ?" ಎಂದರು. ನಾನು ಹೂಂ ಎಂದೆ.

ನನಗೆ ಗೊತ್ತಿರಲಿಲ್ಲ ಯಮಿನ್. ಹುಡುಗ ದಾರಿ ತಪ್ಪಿದ್ದಾನೆ, ಭಾಷೆ ಬರದು, ಪೊಲೀಸರ ಕೈಗೆ ಸಿಕ್ಕರೆ ಏನು ಗತಿ ಎಂದು ಆ ಸಂತೆಯ ಓಣಿ ಓಣಿಯಲ್ಲಿ ಅವನ ಹೆಸರು ಕೂಗುತ್ತಾ ಓಡಿದೆ. ಅಂಗಡಿಯವರು ಹುಚ್ಚಿಯನ್ನು ನೋಡುವ ಹಾಗೆ ನೋಡಿದರು. ಬಸ್ಸಿಗೆ ಬಂದು ಕೂತಾಗ ನನ್ನ ಗಂಟಲಿಂದ ಸ್ವರವೇ ಹೊರಡುತ್ತಿರಲಿಲ್ಲ. ಅದಕ್ಕೆ ಮಾತಾಡಲಿಲ್ಲ. ಮಗನನ್ನು ಕಳೆದುಕೊಂಡ ತಾಯಿ ಎಂದು ನೀರು ಕೊಟ್ಟೆ. ಗೊತ್ತಿದ್ದರೆ ಅವರನ್ನು ಕರೆದೊಯ್ಯುತ್ತಲೇ ಇರಲಿಲ್ಲ. ಇಲ್ಲಿ ವಿಚಾರಣೆಯ ಕೋಣೆಯಲ್ಲಿ ಕೂತಾಗ, ಅಧಿಕಾರಿಗಳು ಒಂದೊಂದೇ ಕೇಳುತ್ತಾ ಹೋದ ಹಾಗೆ ನನಗೂ ಒಂದೊಂದೇ ತಿಳಿಯುತ್ತಾ ಹೋಯಿತು. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ. ಜೇಯಾನನ್ನು ಕರೆದೊಯ್ಯಿರಿ ಎಂದು ಕೇಳಲು ಹೋದದ್ದು ಸಿಟ್ಟು ತಣ್ಣಗಾಗಿ ಅಲ್ಲ. ಬೇರೆ ಯಾರನ್ನು ಕೇಳಿದರೂ ಆಗುವುದಿಲ್ಲ ಎನ್ನುತ್ತಿದ್ದರು. ನಿಮ್ಮಮ್ಮ ನನಗೆ ಹಾಗೆ ಹೇಳಲಾರರು ಎಂದು ಗೊತ್ತಿತ್ತು.

ಇದನ್ನು ಯಾರಿಗಾದರೂ ಹೇಳದೆ ಇರಲಾಗಲಿಲ್ಲ. ನೀನು ಅವರಿಗೆ ಹೇಳಬೇಡ. ಥುರಾನಿಗೂ ಬೇಡ. ಅವರು ಈಗ ರಾತ್ರಿ ನಿದ್ದೆ ಮಾಡುತ್ತಾರೆ, ಮಾಡಲಿ.

ಜೇಯಾ ಹಸಿವಾದರೆ ಬಾಯಿ ಬಿಟ್ಟು ಕೇಳುವವನಲ್ಲ. ಸಾಕು ಎಂದರೂ ಇನ್ನೊಂದು ಸಲ ಬಡಿಸು.

ಚೋ ಮಾ